ಪಿಕಪ್‌ಗೆ ಯಾವ ಸೈಜ್ ಟೈರ್, ಯಾವ ಡಿಸ್ಕ್?

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಮುಂದೆ ನಿಂತು ಒಳಗೆ ಹೋಗುವ ಪಿಕಪ್‌ಗಳ ಚಕ್ರ ನೋಡಿ. ಒಂದಕ್ಕೆ ಕಂಪನಿಯ ಕಬ್ಬಿಣದ ಡಿಸ್ಕ್ (ಟೈರ್ ಕೂರುವ ಚಕ್ರ), ಸವೆದ ಟೈರ್. ಹಿಂದೆ ಬರುವ ಗಾಡಿಗೆ ಬಾಡಿಯಿಂದ ಆಚೆ ಚಾಚಿದ ಕಪ್ಪು ಅಲಾಯ್, ಅಂದರೆ ಮಿಶ್ರಲೋಹದ ಚಕ್ರ, ದಪ್ಪ ಟೈರ್. ಮೇಲೆ ಮಾತ್ರ ಎರಡರಲ್ಲೂ ಒಂದೇ ಎತ್ತರಕ್ಕೆ ಕ್ರೇಟ್. ಎರಡನೆಯದು ನೋಡೋಕೆ ಚೆನ್ನಾಗಿದೆ, ಅಲ್ವಾ? ಆದರೆ ಲೋಡ್ ಹೊರುವ ಗಾಡಿಗೆ ಟೈರ್ ಆರಿಸುವಾಗ ಮೊದಲು ನೋಡಬೇಕಾದದ್ದು ತೂಕ. ಅಗಲ, ಎತ್ತರ, ಅಂದ ಎಲ್ಲ ಆಮೇಲೆ.

ಮೊದಲು ತೂಕ ಹಾಕಿಸಿ

ಕೋಲಾರದಲ್ಲಿ ಟೊಮೆಟೊ ಲೆಕ್ಕ 15 ಕೆಜಿ ಬಾಕ್ಸಿನದು. 1.3 ಟನ್ ಹೊರುವ ಪಿಕಪ್‌ಗೆ 86 ಬಾಕ್ಸ್ ಹಾಕಿದರೆ ಹಣ್ಣಿನ ತೂಕಕ್ಕೇ ಲೋಡ್ ಮುಗಿಯಿತು. ಖಾಲಿ ಕ್ರೇಟ್‌ಗಳ ತೂಕ ಬೇರೆ. 120 ಬಾಕ್ಸ್ ಏರಿಸಿದರೆ ಹಣ್ಣೇ 1800 ಕೆಜಿ. ಯಾವ ಟೈರ್ ಹಾಕಿದರೂ ಈ ಗಾಡಿ ಅಷ್ಟು ಹೊರಲು ಹುಟ್ಟಿದ್ದಲ್ಲ. ಆಕ್ಸಲ್, ಸ್ಪ್ರಿಂಗ್, ಬ್ರೇಕ್ ಯಾವುದೂ ಅದಕ್ಕೆ ಮಾಡಿದ್ದಲ್ಲ.

ಒಮ್ಮೆ ಪೂರ್ತಿ ಲೋಡ್ ಇರುವಾಗ ವೇ ಬ್ರಿಡ್ಜ್‌ಗೆ ಹೋಗಿ. ಇಡೀ ಗಾಡಿಯ ತೂಕ ಹಾಕಿಸಿ. ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ಇನ್ನೊಮ್ಮೆ ಹಾಕಿಸಿ. ಪಿಕಪ್‌ನಲ್ಲಿ ಸರಕಿನ ಹೆಚ್ಚಿನ ಭಾರ ಹಿಂದಿನ ಎರಡು ಟೈರ್ ಮೇಲೇ ಬೀಳುತ್ತದೆ. ಹಿಂದೆ 1900 ಕೆಜಿ ಬಂತು ಅಂದುಕೊಳ್ಳಿ. ಒಂದೊಂದು ಟೈರಿಗೆ 950 ಕೆಜಿ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ಆರ್‌ಸಿಯಲ್ಲಿರುವ ತೂಕದ ಜೊತೆ ಹೋಲಿಸಿ ನೋಡುವುದನ್ನೂ ಮರೆಯಬೇಡಿ.

ಟೈರಿನ ಪಕ್ಕದಲ್ಲಿ ಬರೆದಿರುವುದು

215/75 ಆರ್ 15 ಎಂದಿದ್ದರೆ, 215 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75. ಆರ್ ಎಂದರೆ ರೇಡಿಯಲ್. 15 ಎಂದರೆ ಡಿಸ್ಕಿನ ಅಳತೆ, ಇಂಚಿನಲ್ಲಿ. ಟಾಟಾ ಏಸ್‌ನಂಥ ಚಿಕ್ಕ ಗಾಡಿಗಳಲ್ಲಿ 145 ಆರ್ 12 ಎಂದಷ್ಟೇ ಇರುತ್ತದೆ. ಸೈಜಿನ ಜೊತೆ ಎಲ್‌ಟಿ ಎಂದಿದ್ದರೆ ಅದು ಲೈಟ್ ಟ್ರಕ್ ಟೈರ್. 8 ಪಿಆರ್ ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಅಷ್ಟು ಪದರದ ಹಳೇ ಟೈರಿನಷ್ಟು ಗಟ್ಟಿ ಎಂದು.

ಇಷ್ಟನ್ನು ಹೆಚ್ಚಿನ ಡ್ರೈವರ್‌ಗಳು ಓದಬಲ್ಲರು. ಕಣ್ತಪ್ಪುವುದು ಇದರ ಪಕ್ಕದ ಚಿಕ್ಕ ಸಂಖ್ಯೆ, ಲೋಡ್ ಇಂಡೆಕ್ಸ್. 100 ಎಂದಿದ್ದರೆ ಆ ಟೈರ್ ಹೊರುವುದು 800 ಕೆಜಿ. 104ಕ್ಕೆ 900, 106ಕ್ಕೆ 950, 108ಕ್ಕೆ 1000, 112ಕ್ಕೆ 1120. ಎರಡು ಸಂಖ್ಯೆ ಇದ್ದರೆ, ಹಿಂದೆ ಒಂದೊಂದೇ ಚಕ್ರ ಇರುವ ನಮ್ಮ ಪಿಕಪ್‌ಗಳಿಗೆ ಮೊದಲನೆಯದು ಲೆಕ್ಕಕ್ಕೆ. ಎರಡನೆಯದು ಜೋಡಿ ಚಕ್ರದ ಗಾಡಿಗಳಿಗೆ. ಕೊನೆಯ ಅಕ್ಷರ ವೇಗದ್ದು: ಎನ್ ಎಂದರೆ ಗಂಟೆಗೆ 140 ಕಿ.ಮೀ., ಎಸ್ ಎಂದರೆ 180.

ಮೋಸ ಹೋಗುವುದು ಇಲ್ಲೇ. ಜನ ಕೂರುವ ಬೊಲೆರೊಗೂ 215/75 ಆರ್ 15 ಟೈರೇ ಬರುತ್ತದೆ, ಆದರೆ ಅದರ ಮೇಲೆ ಸಾಮಾನ್ಯವಾಗಿ 100 ಎಸ್ ಎಂದಿರುತ್ತದೆ. ಸೈಜ್ ಒಂದೇ ಎಂದು ಅದನ್ನು ಪಿಕಪ್‌ನ ಹಿಂದಕ್ಕೆ ಹಾಕಿಸಿದರೆ ಎರಡೂ ಸೇರಿ 1600 ಕೆಜಿ. ನಿಮಗೆ ಬೇಕಿದ್ದದ್ದು 1900. ನನ್ನ ಪ್ರಕಾರ 950 ಕೆಜಿ ಬೀಳುವ ಕಡೆ 108 ಇರುವ ಟೈರ್ ಹಾಕಿಸುವುದು ಒಳ್ಳೆಯದು. ಹಳ್ಳಕ್ಕೆ ಇಳಿದಾಗ, ತಿರುವಿನಲ್ಲಿ ವಾಲಿದಾಗ ಒಂದೇ ಟೈರ್ ಮೇಲೆ ಜಾಸ್ತಿ ಭಾರ ಬೀಳುತ್ತದೆ. ಇನ್ನೊಂದು ಮಾತು. ಈ ಸಂಖ್ಯೆಗಳೆಲ್ಲ ಟೈರಿಗೆ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ ನಿಜ. ಗಾಳಿ ಕಡಿಮೆ ಇಟ್ಟು ಹೆದ್ದಾರಿ 75ರಲ್ಲಿ ಮುಳಬಾಗಿಲು ಕಡೆ ಓಡಿಸಿದರೆ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ. ಬೇಸಿಗೆಯಲ್ಲಿ ಟೈರ್ ಸಿಡಿಯಲು ಇದೊಂದೇ ಸಾಕು.

ದೊಡ್ಡ ಸೈಜ್ ಹಾಕುವ ಆಸೆ ಇದ್ದರೆ

ಒಂದು ಲೆಕ್ಕ ಮಾಡಿ. 215ರಲ್ಲಿ ಶೇ 75 ಎಂದರೆ ಸುಮಾರು 161 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ, 322. ಅದಕ್ಕೆ 15 ಇಂಚು, ಅಂದರೆ 381 ಸೇರಿಸಿ. ಟೈರಿನ ಒಟ್ಟು ಎತ್ತರ ಸುಮಾರು 703. ಇದೇ ಲೆಕ್ಕದಲ್ಲಿ 235/75 ಆರ್ 15 ಬರುವುದು 733ಕ್ಕೆ. ವ್ಯತ್ಯಾಸ ಶೇ 4ಕ್ಕಿಂತ ಸ್ವಲ್ಪ ಜಾಸ್ತಿ. ಟೈರ್ ಕೆಲಸದವರು ಸಾಮಾನ್ಯವಾಗಿ ಶೇ 3 ದಾಟಬೇಡಿ ಅನ್ನುತ್ತಾರೆ.

ಶೇ 4 ಏನು ಮಹಾ ಅನಿಸಬಹುದು. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ. 100 ಕಿ.ಮೀ. ಓಡಿದರೆ ಮೀಟರ್‌ನಲ್ಲಿ ಏರುವುದು ಸುಮಾರು 96. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂದು ಬೈಯುವವರು ಇದನ್ನೂ ನೋಡಬೇಕು, ಅರ್ಧ ತಪ್ಪು ಮೀಟರ್‌ನದೇ ಇರಬಹುದು. ಚಕ್ರ ದೊಡ್ಡದಾದಷ್ಟೂ ಎಳೆತ ಕಡಿಮೆ, ಲೋಡ್ ಇಟ್ಟು ಏರು ಹತ್ತುವಾಗ ಒಂದು ಗೇರ್ ಕೆಳಗೇ ಎಳೆಯಬೇಕು, ಕ್ಲಚ್ ಬೇಗ ಸವೆಯುತ್ತದೆ. ಅದೇ ಬ್ರೇಕ್ ದೊಡ್ಡ ಚಕ್ರವನ್ನು ನಿಲ್ಲಿಸಲು ಹೆಚ್ಚು ತಿಣುಕಬೇಕು.

ಅಗಲದ್ದು ಬೇರೆ ಕಥೆ. ಡಿಸ್ಕ್ ಒಳಗೆ 5.5 ಜೆ ಎಂಬಂತೆ ಅಗಲ ಕೊರೆದಿರುತ್ತದೆ. 215/75ಕ್ಕೆ 5.5ರಿಂದ 7 ಇಂಚು ಅಗಲದ ಡಿಸ್ಕ್ ಆಗುತ್ತದೆ. 235/75ಕ್ಕೆ ಕನಿಷ್ಠ 6 ಬೇಕು. ಕಿರಿದಾದ ಡಿಸ್ಕಿಗೆ ಅಗಲದ ಟೈರ್ ತುರುಕಿದರೆ ಅದು ನಡುವೆ ಉಬ್ಬಿ ನಡುವೆಯೇ ಸವೆಯುತ್ತದೆ.

ಡಿಸ್ಕೋ, ಅಲಾಯೋ?

ದುಡಿಯುವ ಗಾಡಿಗೆ ಕಬ್ಬಿಣದ ಡಿಸ್ಕೇ ಸರಿ. ಹಳ್ಳಕ್ಕೆ ಬಿದ್ದರೆ ಡಿಸ್ಕ್ ಸೊಟ್ಟಗಾಗುತ್ತದೆ, ಅಲಾಯ್ ಬಿರುಕು ಬಿಡುತ್ತದೆ. ಹಾಕಲೇಬೇಕೆಂದರೆ ಬೋಲ್ಟ್‌ಗಳ ಸಂಖ್ಯೆ, ಬೋಲ್ಟ್ ಸುತ್ತಿನ ಅಳತೆ, ನಡುವಿನ ತೂತು ಮೂರೂ ಹೊಂದಬೇಕು. ಒಳಗೆ ಕೊರೆದಿರುವ ಲೋಡ್ ಸಂಖ್ಯೆ ಟೈರಿನದ್ದಕ್ಕಿಂತ ಕಡಿಮೆ ಇರಬಾರದು. ಆಫ್‌ಸೆಟ್, ಅಂದರೆ ಬೋಲ್ಟ್ ಕೂರುವ ಮುಖ ಚಕ್ರದ ನಡುವಿನಿಂದ ಇರುವ ದೂರ, ಬದಲಾಗಿ ಚಕ್ರ ಆಚೆ ಚಾಚಿದರೆ ಬೇರಿಂಗ್ ಮೇಲೆ ಭಾರ ಏರುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಗೆ, ಹೋದಾಗ ಹಳೇ ಡಿಸ್ಕ್ ಹುಡುಕಿಕೊಂಡು ಓಡುವವರನ್ನು ಯಾರು ನೋಡಿಲ್ಲ?

ಅಂಗಡಿಯಲ್ಲಿ

ನೆಲಕ್ಕೆ ತಾಗುವ ರಬ್ಬರಿನ ಪಟ್ಟೆ ಯಾವುದು ಎಂಬುದು ನಿಮ್ಮ ದಾರಿ ಮೇಲೆ ನಿಂತಿದೆ. ಬೆಂಗಳೂರು ಹೆದ್ದಾರಿಯೇ ಹೆಚ್ಚಾದರೆ ರಿಬ್, ಅಂದರೆ ಸುತ್ತಲೂ ಉದ್ದುದ್ದ ಸಾಲಿನದು. ಶ್ರೀನಿವಾಸಪುರದ ಮಾವಿನ ತೋಟ, ಕಲ್ಲು ಕ್ವಾರಿ ಅಂತ ಓಡಾಡುವವರಿಗೆ ಹಿಂದೆ ಲಗ್ (ಅಡ್ಡಡ್ಡ ದಪ್ಪ ಪಟ್ಟೆ) ಅಥವಾ ಸೆಮಿ ಲಗ್. ಒಂದೇ ಆಕ್ಸಲ್‌ನ ಎರಡೂ ಟೈರ್ ಒಂದೇ ತರಹದ್ದಿರಲಿ. ರೀಸೋಲ್ ಮಾಡಿಸಿದ, ಅಂದರೆ ಸವೆದ ಮೇಲೆ ಹೊಸ ಪಟ್ಟೆ ಅಂಟಿಸಿದ ಟೈರನ್ನು ಮುಂದಕ್ಕೆ ಹಾಕಿಸಬೇಡಿ.

ಐಎಸ್‌ಐ ಗುರುತು ನೋಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 1225 ಎಂದರೆ 2025ರ 12ನೇ ವಾರ ತಯಾರಾದದ್ದು. ರಿಯಾಯಿತಿ ತೀರಾ ಜಾಸ್ತಿ ಇದ್ದರೆ ಇದನ್ನು ಮೊದಲು ನೋಡಿ. ಹಳೆಯದನ್ನು ಯಾವಾಗ ಬಿಚ್ಚಬೇಕು? ಪಟ್ಟೆಯ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಮಿತಿ ಮುಗಿಯಿತು. ಸಾಲುಗಳ ನಡುವೆ ಇರುವ ಚಿಕ್ಕ ಉಬ್ಬು ಪಟ್ಟೆಯ ಸಮಕ್ಕೆ ಬಂದಾಗ ಅದು ಗೊತ್ತಾಗುತ್ತದೆ.

ಫಿಟ್ ಮಾಡಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. ಸ್ಟೆಪ್ನಿಯೂ ಅದೇ ಸೈಜ್, ಅದೇ ಲೋಡ್ ಇಂಡೆಕ್ಸ್ ಇರಲಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ಗಾಳಿ ತುಂಬಿಸಿ. ಖಾಲಿ ಗಾಡಿಗೊಂದು, ಲೋಡಿಗೊಂದು ಅಂತ ಬೇರೆ ಬೇರೆ ಕೊಟ್ಟಿದ್ದರೆ ಅದರಂತೆಯೇ. ಐವತ್ತು, ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಟೈಟ್ ಮಾಡಿಸಿ. ಹೊಸ ಡಿಸ್ಕ್ ಆಗಿದ್ದರೆ ಇದು ಇನ್ನೂ ಮುಖ್ಯ.