ಕೀನ್ಯಾ, ಉಗಾಂಡಾ ಕಡೆ ಹೊರಟಿದ್ದೀರಾ? ಸೂಟ್‌ಕೇಸ್ ಮುಚ್ಚುವ ಮೊದಲು ಇದನ್ನು ಓದಿ

ಮೈಸೂರು, ಮಂಡ್ಯ ಕಡೆಯಿಂದ ಕೀನ್ಯಾಕ್ಕೋ ಉಗಾಂಡಾಕ್ಕೋ ಹೊರಟವರು ಒಂದು ಮಾತು ಹೇಳುತ್ತಾರೆ, ಕೇಳಿದಾಗಲೆಲ್ಲ ನನಗೆ ಗಾಬರಿಯಾಗುತ್ತದೆ. "ಅದೂ ನಮ್ಮಂಥದ್ದೇ ದೇಶ ಅಲ್ವಾ? ಇಂಥ ನೀರು, ಇಂಥ ಸೊಳ್ಳೆ, ಇಂಥ ರಸ್ತೆಯಲ್ಲೇ ಬೆಳೆದವರು ನಾವು, ನಮಗೇನಾಗುತ್ತೆ?" ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುವವರು ತಿಂಗಳುಗಟ್ಟಲೆ ಮೊದಲೇ ಎಲ್ಲವನ್ನೂ ವಿಚಾರಿಸುತ್ತಾರೆ. ಆಫ್ರಿಕಾಕ್ಕೆ ಹೋಗುವವರು ಹಿಂದಿನ ವಾರ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಾರೆ. ನಮ್ಮ ಹೊಟ್ಟೆಗೆ ಒಗ್ಗಿರುವುದು ನಮ್ಮೂರ ನೀರು ಮಾತ್ರ. ಅಲ್ಲಿನ ರೋಗಗಳು ಬೇರೆ, ಕಾನೂನು ಬೇರೆ. ಕನಿಷ್ಠ ಎರಡು ತಿಂಗಳು ಮೊದಲು ತಯಾರಿ ಶುರು ಮಾಡಿ.

ಮೊದಲ ಕೆಲಸ ಹಳದಿ ಜ್ವರದ, ಅಂದರೆ ಯೆಲ್ಲೋ ಫೀವರ್‌ನ ಲಸಿಕೆ. ಉಗಾಂಡಾಕ್ಕೆ ಹೋದರೆ ಅಲ್ಲಿ ಇಳಿಯುವಾಗಲೇ ಲಸಿಕೆಯ ಕಾರ್ಡ್ ತೋರಿಸಬೇಕು. ಭಾರತದಿಂದ ನೇರವಾಗಿ ಬಂದವರಿಗೆ ಕೀನ್ಯಾದಲ್ಲಿ ಅದು ಕಡ್ಡಾಯವಲ್ಲ, ಅದಕ್ಕೇ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ತೊಂದರೆ ಬರುವುದು ವಾಪಸ್ ಬರುವಾಗ. ಹಳದಿ ಜ್ವರ ಇರುವ ದೇಶಗಳಲ್ಲಿ ಕೀನ್ಯಾ ಕೂಡ ಒಂದು. ಅಲ್ಲಿಂದ ಕಾರ್ಡ್ ಇಲ್ಲದೆ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಆ ಕಾರ್ಡ್ ನಡೆಯುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಇದನ್ನು ಬೀದಿ ಬದಿಯ ಕ್ಲಿನಿಕ್‌ನಲ್ಲಿ ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿಗೆ ಒಂದು ಓಡಾಟ ಆಗಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮಗೆ 60 ದಾಟಿದ್ದರೆ ಅಥವಾ ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದೆ ಅಂದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ, ಏಕೆಂದರೆ ಇದು ಜೀವಂತ ವೈರಸ್ ಇರುವ ಲಸಿಕೆ. ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್ ಲಸಿಕೆಗಳನ್ನೂ ಅದೇ ಭೇಟಿಯಲ್ಲಿ ವಿಚಾರಿಸಿಕೊಂಡರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಇನ್ನು ಮಲೇರಿಯಾ. ನಾಲೆಯ ನೀರು ಬಂದ ಶುರುವಿನ ಕಾಲದಲ್ಲಿ ಮಂಡ್ಯ ಸೀಮೆ ಮಲೇರಿಯಾದಿಂದ ನರಳಿತ್ತು, ಹಳಬರಿಗೆ ಅದರ ಕಥೆ ಗೊತ್ತು. ಆದರೆ ನಮ್ಮ ತಲೆಮಾರು ಆ ಜ್ವರವನ್ನು ಹೆಚ್ಚು ಕಂಡಿಲ್ಲ, ಹಾಗಾಗಿ ನಮ್ಮ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯೂ ಇಲ್ಲ. ಅಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಮ್ ಅನ್ನುವ ಬಗೆ, ತಡ ಮಾಡಿದರೆ ಮಿದುಳಿಗೆ ಏರಿ ಪ್ರಾಣ ತೆಗೆಯುವಂಥದ್ದು. ನೈರೋಬಿ ನಗರದ ಒಳಗೆ ಅಪಾಯ ಕಡಿಮೆ. ಮೊಂಬಾಸಾ ಕಡೆಯ ಕರಾವಳಿ, ವಿಕ್ಟೋರಿಯಾ ಸರೋವರದ ಸುತ್ತಮುತ್ತ ಜಾಸ್ತಿ. ಉಗಾಂಡಾದಲ್ಲಂತೂ ದೇಶದ ತುಂಬ ಇದೆ. ಬರದಂತೆ ತಡೆಯಲು ಮಾತ್ರೆಗಳಿವೆ. ಡಾಕ್ಸಿಸೈಕ್ಲಿನ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ, ಅಲ್ಲಿರುವಷ್ಟು ದಿನ ತೆಗೆದುಕೊಂಡು, ವಾಪಸ್ ಬಂದ ಮೇಲೆ 4 ವಾರ ಮುಂದುವರಿಸಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೆ 7 ದಿನ ಸಾಕು. ಯಾವುದು ನಿಮಗೆ ಸರಿ ಅನ್ನುವುದನ್ನು ಡಾಕ್ಟರೇ ಹೇಳಬೇಕು, ಬಿಪಿ ಸಕ್ಕರೆ ಮಾತ್ರೆ ನುಂಗುವವರಂತೂ ಕೇಳದೆ ತೆಗೆದುಕೊಳ್ಳಬೇಡಿ. ಊರಿಗೆ ಬಂದೆವಲ್ಲ ಅಂತ ಮಾತ್ರೆ ನಡುವೆ ನಿಲ್ಲಿಸಬೇಡಿ. ಆ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಸಂಜೆಯಾಯಿತು ಅಂದರೆ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ, ಬರಿ ಮೈಗೆ ಸೊಳ್ಳೆ ಓಡಿಸುವ ಕ್ರೀಮು, ಮಲಗುವಾಗ ಪರದೆ. ಮಾತ್ರೆ ನುಂಗಿದ್ದೇನೆ ಅಂತ ಪರದೆ ಬಿಡಬೇಡಿ.

ದಿನಾ ನುಂಗುವ ಮಾತ್ರೆಗಳನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇಟ್ಟು, ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹೋಗುವ ದಿನಗಳಿಗಿಂತ ಒಂದೆರಡು ವಾರದಷ್ಟು ಜಾಸ್ತಿ ಇರಲಿ. ಇನ್ಸುಲಿನ್ ಅಂತೂ ಕೆಳಗೆ ಹಾಕುವ ಸೂಟ್‌ಕೇಸ್‌ನಲ್ಲಿ ಇಡಲೇಬೇಡಿ, ಹೆಪ್ಪುಗಟ್ಟಿ ಕೆಟ್ಟುಹೋಗಬಹುದು. ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಇಲ್ಲಿ ಡೋಲೋ ಕೊಡಿ ಅಂದರೆ ಕೊಡುತ್ತಾರೆ, ಅಲ್ಲಿ ಪ್ಯಾರಸಿಟಮಾಲ್ ಅನ್ನಬೇಕು. ಜೊತೆಗೆ ಒಂದಷ್ಟು ಓಆರ್‌ಎಸ್ ಪೊಟ್ಟಣ ಇರಲಿ.

ಈಗ ತಿಂಡಿಯ ಗಂಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು ಇಲ್ಲದೆ ನಮ್ಮ ಅಮ್ಮಂದಿರು ಯಾರನ್ನೂ ಕಳಿಸುವುದಿಲ್ಲ, ಕಳಿಸಲಿ, ಅದು ಪ್ರೀತಿ. ಆದರೆ ಗಸಗಸೆ ಮಾತ್ರ ಒಂದು ಕಾಳೂ ಇರಬಾರದು. ಅಲ್ಲೇ ಪಾಯಸ ಮಾಡಿಕೊಳ್ಳಲಿ ಅಂತ ಪೊಟ್ಟಣ ಕಟ್ಟಬೇಡಿ. ನಮ್ಮವರು ಜಾಸ್ತಿ ಹೋಗುವ ದಾರಿ ದುಬೈ ಮೇಲೆ. ಅಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಬರೀ ವಿಮಾನ ಬದಲಿಸಲು ಇಳಿದವರೂ ಸಿಕ್ಕಿಬಿದ್ದಿದ್ದಾರೆ. ಗರಂ ಮಸಾಲೆ, ಸಾರಿನ ಪುಡಿ ಮನೆಯಲ್ಲೇ ಮಾಡಿದ್ದಾದರೆ ಅದರಲ್ಲಿ ಗಸಗಸೆ ಹಾಕಿದ್ದಾರಾ ಕೇಳಿ. ಕೆಲವು ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿಗೂ ಅಲ್ಲಿ ಕಟ್ಟುನಿಟ್ಟು ಇದೆ. ಒಣ ಕೊಬ್ಬರಿ ಗಿಟುಕು ಕೂಡ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅಪಾಯದ ಸರಕಿನಲ್ಲಿ ಸೇರಿಸಿದ್ದಾರೆ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಇದೆಲ್ಲವನ್ನೂ ನಾವು ಕಟ್ಟುವುದು ಯಾವುದರಲ್ಲಿ? ಅಂಗಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ, ದಂಡ ಮತ್ತು ಜೈಲು ಎರಡೂ ಸೇರಿದ ಕಟ್ಟುನಿಟ್ಟಿನ ಕಾನೂನು. ಅಲ್ಲಿಂದ ಟಾಂಜಾನಿಯಾ ನೋಡಲು ಹೋದರೆ ಅಲ್ಲೂ 2019ರ ಜೂನ್‌ನಿಂದ ಹಾಗೆಯೇ. ಹಾಗಾಗಿ ಚಪ್ಪಲಿಗೆ, ಒದ್ದೆ ಬಟ್ಟೆಗೆ, ತಿಂಡಿಗೆ ಎಲ್ಲಕ್ಕೂ ಬಟ್ಟೆಯ ಚೀಲ, ಸ್ಟೀಲ್ ಇಲ್ಲವೇ ಗಟ್ಟಿ ಡಬ್ಬಿ. ಇದಕ್ಕೆ ಖರ್ಚೇನೂ ಇಲ್ಲ, ಹಳೇ ಸೀರೆಯಲ್ಲಿ ಹೊಲಿದರಾಯಿತು.

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಆಫ್ರಿಕಾ ಅಂದರೆ ಬರೀ ಬಿಸಿಲಲ್ಲ. ನೈರೋಬಿ ನಮ್ಮ ಮೈಸೂರಿಗಿಂತ ಎರಡು ಪಟ್ಟಿಗೂ ಎತ್ತರದಲ್ಲಿದೆ, ಜೂನ್, ಜುಲೈನಲ್ಲಿ ಸ್ವೆಟರ್ ಬೇಕೇ ಬೇಕು. ಮಿಲಿಟರಿ ಚುಕ್ಕೆಯ ಪ್ಯಾಂಟು, ಟೋಪಿ ತರಬೇಡಿ, ಉಗಾಂಡಾದಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಅಪರಾಧ. ಪ್ರಾಣಿ ನೋಡಲು ಕಾಡಿಗೆ ಹೋಗುವ ದಿನ ಕಡುನೀಲಿ, ಕಪ್ಪು ಬೇಡ, ಸೆಟ್ಸೆ ಅನ್ನುವ ಕಚ್ಚುವ ನೊಣ ಆ ಬಣ್ಣಕ್ಕೇ ಮುತ್ತುತ್ತದೆ. ಅಲ್ಲಿನ ಪ್ಲಗ್‌ಗೆ ಮೂರು ಚಪ್ಪಟೆ ಕಾಲು, ನಮ್ಮ ಚಾರ್ಜರ್ ಕೂರುವುದಿಲ್ಲ, ಅಡಾಪ್ಟರ್ ಇಲ್ಲೇ ಕೊಳ್ಳಿ.

ಚಿನ್ನ ಮನೆಯಲ್ಲೇ ಬಿಟ್ಟು ಹೋಗಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಾಂಗಲ್ಯ ತೆಗೆಯಲು ಮನಸ್ಸು ಬಾರದವರು ಅರಿಶಿನದ ದಾರದಲ್ಲಿ ಕಟ್ಟಿಕೊಂಡು, ಕಾಣದಂತೆ ಒಳಗೆ ಹಾಕಿಕೊಳ್ಳಬಹುದು.

ಹಣಕ್ಕೆ ಇಲ್ಲಿನ ಯುಪಿಐ ನಂಬಿ ಹೋಗಬೇಡಿ. ಕೀನ್ಯಾದಲ್ಲಿ ತರಕಾರಿ ಅಂಗಡಿಯಲ್ಲೂ ಎಂ-ಪೆಸಾ ಅನ್ನುವ, ಮೊಬೈಲ್‌ನಲ್ಲೇ ಹಣ ಕೊಡುವ ವ್ಯವಸ್ಥೆ ನಡೆಯುತ್ತದೆ, 2007ರಿಂದ ಅಲ್ಲಿ ಅದೇ ಅಭ್ಯಾಸ. ಅಲ್ಲಿನ ಸಿಮ್ ಕೊಂಡಾಗ ಪಾಸ್‌ಪೋರ್ಟ್ ತೋರಿಸಿ ಅದನ್ನೂ ಮಾಡಿಸಿಕೊಳ್ಳಿ. ಡಾಲರ್ ಒಯ್ಯುವುದಾದರೆ ಹೊಸ, ಮಡಿಕೆ ಬೀಳದ ನೋಟು ಕೇಳಿ ತೆಗೆದುಕೊಳ್ಳಿ, ಹಳೇ ಅಥವಾ ಹರಿದ ನೋಟನ್ನು ಅಲ್ಲಿ ಎಷ್ಟೋ ಕಡೆ ಮುಟ್ಟುವುದಿಲ್ಲ. ನಿಮ್ಮ ಕಾರ್ಡ್‌ನಲ್ಲಿ ವಿದೇಶದ ಬಳಕೆ ಆಫ್ ಆಗಿರಬಹುದು, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ ನೋಡಿ. ಇಲ್ಲಿನ ಸಿಮ್‌ಗೆ ರೋಮಿಂಗ್ ಇರಲಿ, ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಇನ್ನೂ 6 ತಿಂಗಳು ಇರಬೇಕು. ಕಡಿಮೆಯಿದ್ದರೆ ಈಗಲೇ ಅರ್ಜಿ ಹಾಕಿ, ಮೈಸೂರಿನವರಿಗೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ 2017ರಿಂದ ಊರಲ್ಲೇ ಇದೆ. ಪಾಸ್‌ಪೋರ್ಟ್, ವೀಸಾ, ಲಸಿಕೆ ಕಾರ್ಡ್, ವಿಮೆ, ಇಷ್ಟರ ಜೆರಾಕ್ಸ್ ಒಂದು ಚೀಲದಲ್ಲಿ, ಇನ್ನೊಂದು ಪ್ರತಿ ಮನೆಯವರ ಹತ್ತಿರ.

ಅಲ್ಲಿ ಇಳಿದ ಮೇಲೆ ನೀರಿನ ವಿಷಯದಲ್ಲಿ ಗಟ್ಟಿಯಾಗಿರಿ. ಕುಡಿಯಲು, ಹಲ್ಲುಜ್ಜಲು ಕುದಿಸಿದ ನೀರು ಇಲ್ಲವೇ ಸೀಲ್ ಒಡೆಯದ ಬಾಟಲಿ. ಜ್ಯೂಸ್‌ಗೆ ಐಸ್ ಬೇಡ. ಇನ್ನೊಂದು, ನಮಗೆ ನೀರು ಕಂಡರೆ ಇಳಿಯುವ ಅಭ್ಯಾಸ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗಿ ಎದ್ದಂತೆ ವಿಕ್ಟೋರಿಯಾ ಸರೋವರಕ್ಕೆ ಇಳಿಯಬೇಡಿ. ಅಲ್ಲಿನ ಬಸವನಹುಳುವಿನಿಂದ ಹೊರಬರುವ ಕಣ್ಣಿಗೆ ಕಾಣದ ಮರಿಹುಳ ಚರ್ಮ ಕೊರೆದು ಒಳಗೆ ಸೇರುತ್ತದೆ. ಅದರಿಂದ ಬರುವ ರೋಗಕ್ಕೆ ಬಿಲ್ಹಾರ್ಜಿಯಾ ಅಂತ ಹೆಸರು. ಕಾಲು ನೆನೆಸಿದರೂ ಸಾಕು. ಬಟ್ಟೆ ಹೊರಗೆ ಒಣಗಿಸಿದರೆ ಇಸ್ತ್ರಿ ಮಾಡದೆ ಹಾಕಿಕೊಳ್ಳಬೇಡಿ, ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುವ ನೊಣ ಇದೆ, ಮರಿ ಚರ್ಮದೊಳಗೆ ಹೋಗಿ ಕುರುವಾಗುತ್ತದೆ. ನಾಯಿ, ಕೋತಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ರಸ್ತೆಯ ಭಯ ಜಾಸ್ತಿ ಇಟ್ಟುಕೊಳ್ಳಿ. ಕಾಡಿನ ಸಿಂಹಕ್ಕಿಂತ ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕು ಅಪಾಯ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಊರಿಂದ ಊರಿಗೆ ಹಗಲಲ್ಲೇ ಹೋಗಿ. ರಾತ್ರಿ ಊಟಕ್ಕೆ ಹೊರಗೆ ಹೋದರೆ ನಡೆದು ಬರಬೇಡಿ, ನೀವು ಉಳಿದುಕೊಂಡ ಮನೆಯವರು ಹೇಳಿದ ಟ್ಯಾಕ್ಸಿ ಕರೆಯಿರಿ. ಪೊಲೀಸರು, ಸೈನಿಕರು, ವಿಮಾನ ನಿಲ್ದಾಣ ಇವುಗಳ ಫೋಟೋ ತೆಗೆಯಬೇಡಿ.

ಊರಿಗೆ ಬಂದ ಮೇಲೆ ಜ್ವರ ಬಂದರೆ, ಅದು ಎರಡು ವಾರಕ್ಕೆ ಬರಲಿ ಆರು ತಿಂಗಳಿಗೆ ಬರಲಿ, ಡಾಕ್ಟರ ಮುಂದೆ ಕುಳಿತ ತಕ್ಷಣ "ನಾನು ಉಗಾಂಡಾಕ್ಕೆ ಹೋಗಿ ಬಂದೆ" ಅಂತ ಹೇಳಿ. ಇಲ್ಲಿ ಜ್ವರ ಅಂದರೆ ಮೊದಲು ಡೆಂಗಿ, ವೈರಲ್ ಅಂತಲೇ ಯೋಚನೆ ಹೋಗುವುದು. ಅವತ್ತೇ ಮಲೇರಿಯಾ ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಇಲ್ಲ ಅಂತ ಬಂದು ಜ್ವರ ಮಾತ್ರ ಇಳಿಯದಿದ್ದರೆ ಮಾರನೇ ದಿನ ಮತ್ತೆ ಮಾಡಿಸಿ.