ಟೆಂಟಿಗಿಂತ ಮೊದಲು ಟರ್ಪಾಲು

ಜೂನ್ ತಿಂಗಳಲ್ಲಿ ಕೆರೆ ಬದಿಯಲ್ಲಿ ಟೆಂಟ್ ಹಾಕುತ್ತೇನೆ ಎಂದರೆ ನಮ್ಮ ಕಡೆ ಯಾರೂ ನಗುವುದೂ ಇಲ್ಲ, ಸೀದಾ ಬೈಯುತ್ತಾರೆ. ಅಷ್ಟು ಬುದ್ಧಿ ನಮಗೂ ಇತ್ತು. ಅದಕ್ಕೇ ಅಕ್ಟೋಬರಿನ ದಸರಾ ರಜೆಯನ್ನು ಆರಿಸಿಕೊಂಡೆವು. ಮಳೆಗಾಲ ಮುಗಿದಿದೆ, ಮದಗದಲ್ಲಿ ನೀರು ತುಂಬಿದೆ, ಗದ್ದೆ ಇನ್ನೂ ಹಸಿರಾಗಿದೆ. ಲೆಕ್ಕವೆಲ್ಲ ಸರಿ, ಚಿತ್ತಾ ಮಳೆಯೊಂದನ್ನು ಬಿಟ್ಟು.

ಮೂರು ಮನೆಯವರು ಸೇರಿದ್ದೆವು. ಮಂಗಳೂರಿನಿಂದ ನಾವು, ಉಡುಪಿಯಿಂದ ಒಂದು ಸಂಸಾರ, ಕಾರ್ಕಳದ ಗೆಳೆಯನದ್ದು ಇನ್ನೊಂದು. ದೊಡ್ಡವರು ಆರು, ಮಕ್ಕಳು ಐದು. ಕೆರೆ ಎಂದಾಗ ಮೊದಲು ಬಾಯಿಗೆ ಬಂದದ್ದು ಕಾರ್ಕಳದ ಆನೆಕೆರೆ, ಆಮೇಲೆ ವರಂಗ. ಎರಡೂ ಕಡೆ ಕೆರೆಯ ನೀರಿನ ನಡುವೆಯೇ ಬಸದಿ ಉಂಟು. ಕೈಮುಗಿದು ಬರುವ ಜಾಗದಲ್ಲಿ ಒಲೆ ಹೂಡುವುದು ಸರಿಯಲ್ಲ. ಕೊನೆಗೆ ಕಾರ್ಕಳದವನ ಅಜ್ಜಿಮನೆಯ ತೋಟದಾಚೆಯ ಮದಗವೇ ಗಟ್ಟಿಯಾಯಿತು. ಕೇಳುವವರಿಲ್ಲ, ಇನ್ನೂರು ಹೆಜ್ಜೆಯಲ್ಲಿ ಮನೆ. ಆ ಇನ್ನೂರು ಹೆಜ್ಜೆಯ ಬೆಲೆ ಸಂಜೆ ಗೊತ್ತಾಯಿತು.

ಮಧ್ಯಾಹ್ನ ಎರಡಕ್ಕೆ ತಲುಪಿದಾಗ ಬಿಸಿಲು ತಲೆ ಸುಡುತ್ತಿತ್ತು. ಮಕ್ಕಳು ಓಡಿಹೋಗಿ ಜಾಗ ಹಿಡಿದದ್ದು ನೀರಿನ ಅಂಚಿನಲ್ಲಿ, ದೊಡ್ಡ ಹೆಬ್ಬಲಸಿನ ಮರದ ಬುಡದಲ್ಲಿ. ಫೋಟೊಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಜ್ಜಿ ಅಂಗಳದ ತುದಿಗೆ ಬಂದು ಪೂರ್ವಕ್ಕೆ ನೋಡಿ, "ಅಲ್ಲಿ ಬೇಡ ಮಕ್ಕಳೇ, ಘಟ್ಟದ ಕಡೆ ಮೋಡ ಏಳ್ತಾ ಉಂಟು. ಸಂಜೆಗೆ ಗುಡುಗು ಬಾರದೆ ಇರುದಿಲ್ಲ" ಎಂದರು. ಮೊಬೈಲಿನ ದಾಮಿನಿ ಆ್ಯಪ್ ತೆರೆದರೆ ಸುತ್ತ ಎಲ್ಲೂ ಸಿಡಿಲಿನ ಸುಳಿವಿಲ್ಲ. ಅದು ತಪ್ಪು ಹೇಳಿದ್ದಲ್ಲ. ಮುಂದಿನ ಅರ್ಧ, ಮುಕ್ಕಾಲು ಗಂಟೆಯ ಸಿಡಿಲಿಗೆ ಅದು ಬೇಕು, ಇಡೀ ಸಂಜೆಗೆ ಅಜ್ಜಿಯೇ ಬೇಕು. ಒಂಟಿ ಮರ, ಪಕ್ಕದಲ್ಲಿ ನೀರು: ಸಿಡಿಲಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಮಕ್ಕಳ ಮುಖ ಸಣ್ಣದಾದರೂ ಸಾಮಾನನ್ನೆಲ್ಲ ಎತ್ತಿಕೊಂಡು ಅಡಿಕೆ ಒಣಗಿಸುವ ಮೇಲಿನ ಅಂಗಳಕ್ಕೆ ಹೋದೆವು. ಅಡಿಕೆ ಕೊಯ್ಲು ಶುರುವಾಗಿರಲಿಲ್ಲ, ಅಂಗಳ ಖಾಲಿ ಇತ್ತು.

ಅಲ್ಲಿ ಬೇರೆ ತಾಪತ್ರಯ. ಕೆಳಗೆಲ್ಲ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಟೆಂಟಿನ ಜೊತೆ ಬರುವ ತೆಳ್ಳಗಿನ ಗೂಟ ಎರಡು ಪೆಟ್ಟಿಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಮನೆ ಕಟ್ಟಿ ಉಳಿದ ಮುರಕಲ್ಲುಗಳನ್ನೇ ಇಬ್ಬಿಬ್ಬರು ಹೊತ್ತು ತಂದು, ನೈಲಾನ್ ಹಗ್ಗವನ್ನು ಕಲ್ಲಿಗೆ ಸುತ್ತಿ ಬಿಗಿದೆವು. ಗೂಟಕ್ಕಿಂತ ಇದೇ ಗಟ್ಟಿ.

ಆಮೇಲೆ ಟರ್ಪಾಲು. ನಿಜ ಹೇಳಬೇಕೆಂದರೆ ನಾವು ಅದನ್ನು ತಂದೇ ಇರಲಿಲ್ಲ. ಅಡಿಕೆ ಮುಚ್ಚುವ ನೀಲಿ ಟರ್ಪಾಲನ್ನು, 18 ಅಡಿಗೆ 24 ಅಡಿಯದ್ದು, ಅಜ್ಜಿಯೇ ಕೊಟ್ಟರು. ಮೂರು ಟೆಂಟ್ ಹಾಕಿ ಮುಗಿಸಿ, ಹೊತ್ತು ಉಳಿದರೆ ಕಟ್ಟುವ ಅಂತ ನಾನು. ಮೊದಲು ಅದನ್ನೇ ಕಟ್ಟು ಅಂತ ಕಾರ್ಕಳದವನು. ಅವನ ಮಾತು ನಡೆದದ್ದು ಒಳ್ಳೆಯದಾಯಿತು. ಗಾಳಿ ಬರುವ ಬದಿಯನ್ನು ಸೊಂಟದೆತ್ತರಕ್ಕೆ ಇಳಿಸಿ, ಇನ್ನೊಂದು ಬದಿಯನ್ನು ಅಡಿಕೆ ಕಂಬಗಳಿಗೆ ಏಳಡಿ ಎತ್ತರದಲ್ಲಿ ಕಟ್ಟಿದೆವು. ನಡುವೆ ಜೋತು ಬೀಳದಂತೆ ಅಡಿಯಲ್ಲಿ ಒಂದು ಹಗ್ಗ ಎಳೆದೆವು. ಮೂಲೆಯ ತೂತಿಗೆ ಹಗ್ಗ ಹಾಕಿದರೆ ಗಾಳಿಗೆ ಹರಿಯುತ್ತದೆ. ಅದಕ್ಕೆ ಸಣ್ಣ ಕಲ್ಲೊಂದನ್ನು ಟರ್ಪಾಲಿನ ಒಳಗಿಟ್ಟು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿಯಬೇಕು. ಇದನ್ನು ಅಜ್ಜಿಮನೆಯ ಕೆಲಸದಣ್ಣ ತೋರಿಸಿಕೊಟ್ಟರು.

ನಾಲ್ಕೂವರೆಗೆ ಬೆಳಕು ಬತ್ತಿತು. ಮೊದಲ ಮಿಂಚಿಗೆ ಮಗಳು ಎಣಿಸತೊಡಗಿದಳು, ಹದಿನೈದಕ್ಕೆ ಗುಡುಗು ಕೇಳಿತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಹಿಡಿದರೆ ಐದು ಕಿಲೋಮೀಟರ್ ದೂರ. ಮೂವತ್ತು ಎಣಿಸುವ ಒಳಗೆ ಗುಡುಗಿದರೆ ಬಯಲಲ್ಲಿ ಇರಬಾರದು. ಟೆಂಟಾಗಲಿ ಟರ್ಪಾಲಾಗಲಿ ಮಳೆ ತಡೆಯುತ್ತವೆ, ಸಿಡಿಲನ್ನಲ್ಲ. ಉಡುಪಿಯವನು "ಎಂತ ಆಗುದಿಲ್ಲ ಮಾರಾಯ, ಇಲ್ಲೇ ಕೂರುವ" ಅಂತ ಒಂದು ಸಲ ಅಂದ. ಅವನ ಹೆಂಡತಿ ಇಬ್ಬರು ಮಕ್ಕಳ ಕೈ ಹಿಡಿದು ಆಗಲೇ ಮನೆಯ ದಾರಿ ಹಿಡಿದಿದ್ದಳು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಜಗಲಿಯಲ್ಲೇ ಕುಳಿತೆವು. ಅಲ್ಲಿಂದ ನೋಡುವಾಗ ಮದಗ ಕುದಿಯುವ ಹಾಗೆ ಕಾಣುತ್ತಿತ್ತು. ಮಗ ಮಾತ್ರ "ಕ್ಯಾಂಪಿಂಗ್ ಮುಗಿಯಿತಾ" ಎಂದು ಹತ್ತು ಸಲ ಕೇಳಿದ.

ಏಳಕ್ಕೆ ವಾಪಸು ಹೋದಾಗ ಸಣ್ಣ ಮಳೆ ಹನಿಯುತ್ತಲೇ ಇತ್ತು. ಟರ್ಪಾಲಿನಡಿ ನೆಲ ಒಣಗಿತ್ತು. ನನ್ನ ಟೆಂಟಿನೊಳಗೆ ಬೆರಳುದ್ದ ನೀರು! ಟೆಂಟಿನದ್ದೇನೂ ತಪ್ಪಿಲ್ಲ. ಅಡಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಸುತ್ತಲೂ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು. ಟೆಂಟಿನ ಮೇಲಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು, ನೇರ ಅಡಿಗೆ ನುಗ್ಗಿ, ಹೊಲಿಗೆಯಲ್ಲಿ ಒಳಗೆ ಬಂದಿತ್ತು. ಅಡಿಹಾಸು ಟೆಂಟಿಗಿಂತ ಎಲ್ಲ ಕಡೆಯೂ ನಾಲ್ಕು ಬೆರಳು ಚಿಕ್ಕದಿರಬೇಕು. ಉಡುಪಿಯವನು ತನ್ನದನ್ನು ಸೋಮಾರಿತನಕ್ಕೆ ಒಳಗೇ ಮಡಚಿ ಹಾಕಿದ್ದ, ಅವನದ್ದು ಒಣಗಿಯೇ ಇತ್ತು. ಈಗಲೂ ಹೇಳಿಕೊಂಡು ತಿರುಗುತ್ತಾನೆ.

ರಾತ್ರಿಯ ಊಟಕ್ಕೆಂದು ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು, ತಂದಿದ್ದೆವು. ಆ ತೇವದ ಗಾಳಿಗೆ ಪೊಟ್ಟಣ ಬಿಚ್ಚಿದ ಹತ್ತೇ ನಿಮಿಷದಲ್ಲಿ ರೊಟ್ಟಿ ಚರ್ಮದ ಹಾಗೆ ಎಳೆಯತೊಡಗಿತು. ಮಳೆಯಲ್ಲಿ ತಿನ್ನುವ ವಸ್ತುವಲ್ಲ ಅದು. ಕೋಳಿ ಸಾರನ್ನು ಇಟ್ಟುಕೊಂಡು ಕುಚ್ಚಲಕ್ಕಿ ಗಂಜಿಗೆ ಒಲೆ ಹೂಡಿದೆವು. ಒಲೆಗೆ ಗೋಣಿಯಲ್ಲಿ ಒಣಗಿದ ಗೆರಟೆ (ತೆಂಗಿನ ಚಿಪ್ಪು) ತಂದದ್ದು ನನ್ನ ಹೆಂಡತಿ. ತೋಟದ ಕಟ್ಟಿಗೆಯೆಲ್ಲ ಒದ್ದೆಯಾಗಿದ್ದಾಗ ಕೈಹಿಡಿದದ್ದು ಆ ಗೆರಟೆಯೇ. ಎರಡಕ್ಕೆ ತೆಂಗಿನೆಣ್ಣೆ ಸವರಿ ಹೊತ್ತಿಸಿದರೆ ಸಾಕು, ಉಳಿದವು ತಾವೇ ಹತ್ತಿಕೊಳ್ಳುತ್ತವೆ. ಅಕ್ಕಿ ಬೇಯಲು ಮುಕ್ಕಾಲು ಗಂಟೆಯ ಮೇಲೆ ಹಿಡಿಯಿತು. ಅಷ್ಟರಲ್ಲಿ ಮಕ್ಕಳು ಮಾವಿನ ಮಿಡಿಯನ್ನೇ ಅರ್ಧ ಖಾಲಿ ಮಾಡಿದ್ದರು. ಒಣ ಎಟ್ಟಿ (ಸಿಗಡಿ) ಚಟ್ನಿಯನ್ನು, ಮನೆಯಲ್ಲಿ ಮೂಸಿಯೂ ನೋಡದ ನನ್ನ ಮಗಳು ಎರಡು ಸಲ ಹಾಕಿಸಿಕೊಂಡಳು.

ಜಿಗಣೆಗೆ ಉಪ್ಪು ಸಾಕಾಯಿತು. ಕಾಲಿನಲ್ಲಿ ಗಾಯವಿದ್ದ ಹುಡುಗನನ್ನು ಮಾತ್ರ ಕೆಸರು ನೀರಿಗೆ ಇಳಿಯಲು ಬಿಡಲಿಲ್ಲ. ಇಲಿಜ್ವರದ ಹೆದರಿಕೆ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ.

ಐದೂ ಮಕ್ಕಳು ಉಡುಪಿಯವನ ಟೆಂಟಿನಲ್ಲಿ ಒತ್ತಿಕೊಂಡು ಮಲಗಿದರು. ದೊಡ್ಡವರು ಟರ್ಪಾಲಿನಡಿ ಚಾಪೆ ಹಾಸಿದೆವು, ಮಲಗಿದ್ದು ಕಡಿಮೆ. ಕಪ್ಪೆಗಳು ಮಲಗಲು ಬಿಡಬೇಕಲ್ಲ.

ಬೆಳಿಗ್ಗೆ ಟರ್ಪಾಲು ಬಿಚ್ಚಿ ಮಡಚುವಾಗ ಅಜ್ಜಿ ಗದರಿದರು. "ಹಾಗೇ ಮಡಚಬೇಡಿ ಮಾರಾಯ್ರೆ, ಬೂಷ್ಟು ಹಿಡೀತದೆ. ನಾಳೆ ಅಡಿಕೆಗೆ ಬೇಕು ನನಗೆ." ಅದನ್ನು ಒಣಹಾಕಿ, ಒದ್ದೆ ಟೆಂಟನ್ನು ಡಿಕ್ಕಿಗೆ ತುರುಕಿ ಮಂಗಳೂರಿಗೆ ಬಂದವನು ಟೆರೇಸಿನಲ್ಲಿ ಹರಡಿದೆ. ನಾಲ್ಕು ಗಂಟೆಗೆ ಮಗ ಓಡಿ ಬಂದ. "ಅಪ್ಪಾ, ಇಪ್ಪತ್ತಕ್ಕೆ ಗುಡುಗಿತು."