ನಶೆಯ ಬಗ್ಗೆ ಮಕ್ಕಳನ್ನು ಕೇಳುವುದು ಹೇಗೆ?

ಬಾಯಿ ಬಿಟ್ಟರೆ ಟಿ.ಸಿ. ಕೈಗೆ ಬರುತ್ತದೆ ಅಂತ ಗೊತ್ತಿದ್ದರೆ ಯಾವ ಮಗುವೂ ನಿಜ ಹೇಳುವುದಿಲ್ಲ. ಹಾಗಾಗಿ ಮಾದಕ ವಸ್ತುಗಳ ಬಗ್ಗೆ ವಿದ್ಯಾರ್ಥಿಗಳನ್ನು ಮಾತಾಡಿಸುವ ಮುಂಚೆಯೇ ಶಾಲೆ ಒಂದು ತೀರ್ಮಾನ ಮಾಡಬೇಕು: ಈ ಕೋಣೆಯಲ್ಲಿ ಹೇಳಿದ ಮಾತಿಗೆ ಶಿಕ್ಷೆ ಇಲ್ಲ. ಇದು ಗಟ್ಟಿಯಾಗದಿದ್ದರೆ ಮುಂದಿನದು ಯಾವುದನ್ನೂ ಶುರು ಮಾಡಬೇಡಿ.

ಆಮೇಲೆ ಪೋಷಕರಿಗೆ ಪತ್ರ. ಏನು ಕೇಳುತ್ತೇವೆ, ಯಾಕೆ ಕೇಳುತ್ತೇವೆ ಅಂತ ಅದರಲ್ಲಿ ಬರೆಯಿರಿ. ಬೇಡ ಅನ್ನುವ ಅವಕಾಶವೂ ಇರಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ ಮಾತುಕತೆಯ ಕಾನೂನು ತಂದಾಗ ಈ ಅವಕಾಶವನ್ನು ಇಟ್ಟುಕೊಂಡೇ ತಂದಿತು. ಕರೆಯುವಾಗ ಇಡೀ ತರಗತಿಯನ್ನು ಒಬ್ಬೊಬ್ಬರಾಗಿ ಕರೆಯಿರಿ. ಅನುಮಾನ ಇದ್ದವರನ್ನಷ್ಟೇ ಕರೆದರೆ ಅವರಿಗೆ ಹಣೆಪಟ್ಟಿ ಬಿತ್ತು ಅಂತಲೇ ಲೆಕ್ಕ. ಕೇಳುವವರು ನರ್ಸ್ ಅಥವಾ ಕೌನ್ಸೆಲರ್ ಆಗಿದ್ದರೆ ಒಳ್ಳೆಯದು. ಮಾರ್ಕ್ಸ್ ಕೊಡುವ ಟೀಚರ್ ಎದುರು ಮಕ್ಕಳು ಮನಸ್ಸು ಬಿಚ್ಚುವುದು ಕಷ್ಟ, ಅಲ್ವಾ?

ಬಾಗಿಲು ಮುಚ್ಚಿದ ಕೂಡಲೇ ಗುಟ್ಟಿನ ಗಡಿ ಹೇಳಿ. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ ದೊಡ್ಡವರಿಗೆ ಹೇಳಲೇಬೇಕಾಗುತ್ತೆ.’ ಇದನ್ನು ಕೊನೆಯಲ್ಲಿ ಹೇಳಿದರೆ ಮಗುವಿಗೆ ಮೋಸ ಮಾಡಿದಂತೆ.

ಪ್ರಶ್ನೆಗಳನ್ನು ನಾವೇ ಹೊಸೆಯಬೇಕಿಲ್ಲ. 12ರಿಂದ 21 ವರ್ಷದವರಿಗಾಗಿ ರೂಪಿಸಿದ ‘ಕ್ರಾಫ್ಟ್’ ಎಂಬ ಪ್ರಶ್ನಾವಳಿ ಇದೆ. ಕಳೆದ 12 ತಿಂಗಳಲ್ಲಿ ಎಷ್ಟು ದಿನ ಕುಡಿದೆ, ಗಾಂಜಾ ಸೇದಿದೆ, ನಶೆಗಾಗಿ ಬೇರೆ ಏನಾದರೂ ತೆಗೆದುಕೊಂಡೆ ಅಂತ ಅದು ಶುರುವಾಗುತ್ತದೆ. ನಂತರ ಆರು ಪ್ರಶ್ನೆ: ನಶೆಯಲ್ಲಿದ್ದವರು ಓಡಿಸುವ ಗಾಡಿಯಲ್ಲಿ ಕೂತಿದ್ದೀಯಾ? ಮನಸ್ಸು ಹಗುರಾಗಲಿ, ಗೆಳೆಯರ ಗುಂಪಿಗೆ ಸೇರಲಿ ಅಂತ ತೆಗೆದುಕೊಳ್ಳುತ್ತೀಯಾ? ಒಬ್ಬನೇ ಇದ್ದಾಗ? ಆಗ ಮಾಡಿದ್ದು ಮರೆತುಹೋಗಿದೆಯಾ? ಮನೆಯವರು, ಸ್ನೇಹಿತರು ಕಡಿಮೆ ಮಾಡು ಅಂದಿದ್ದಾರಾ? ಇದರಿಂದ ತೊಂದರೆಗೆ ಸಿಕ್ಕಿದ್ದೀಯಾ? ಎರಡು ಅಥವಾ ಜಾಸ್ತಿ ‘ಹೌದು’ ಬಂದರೆ ಇನ್ನಷ್ಟು ವಿಚಾರಿಸಬೇಕು ಅಂತ ಅರ್ಥ. ಚಟ ಹತ್ತಿದೆ ಅಂತ ಅಲ್ಲ.

ಏನೂ ಮುಟ್ಟಿಲ್ಲ ಅಂದವರನ್ನು ಸುಮ್ನೆ ಎಬ್ಬಿಸಿ ಕಳಿಸಬೇಡಿ. ‘ಒಳ್ಳೆ ನಿರ್ಧಾರ ಮಾಡಿದ್ದೀಯ, ಹೀಗೇ ಇರು’ ಅನ್ನಿ. ಆ ಒಂದು ಮಾತು ಅವರಿಗೆ ಬೇಕು.

ತೆಗೆದುಕೊಳ್ಳುತ್ತೇನೆ ಅಂದವರ ಜೊತೆಗಿನ ಮಾತೇ ನಿಜವಾದ ಕೆಲಸ. ಭಾಷಣ ಬೇಡ. ‘ಇದರಿಂದ ನಿನಗೆ ಏನು ಸಿಗುತ್ತೆ?’ ಅಂತ ಮೊದಲು ಕೇಳಿ, ಆಮೇಲೆ ‘ಏನು ಇಷ್ಟ ಆಗಲ್ಲ?’ ಅನ್ನಿ. ನಂತರ, ಬಿಡೋಕೆ ಎಷ್ಟು ತಯಾರಿದ್ದೀಯ, 1ರಿಂದ 10ರೊಳಗೆ ಒಂದು ನಂಬರ್ ಹೇಳು ಅನ್ನಿ. ‘ಮೂರು, ಮೇಡಂ’ ಅಂತಾನೆ. ಇಷ್ಟೇನಾ ಅನ್ನಬೇಡಿ. ‘ಮೂರು ಯಾಕೆ? ಒಂದು ಯಾಕೆ ಹೇಳಲಿಲ್ಲ?’ ಅಂತ ಕೇಳಿ. ಆಗ ‘ಆಡುವಾಗ ದಮ್ಮು ಸಾಲ್ತಿಲ್ಲ’, ‘ಅಮ್ಮನಿಗೆ ಸುಳ್ಳು ಹೇಳೋಕೆ ಬೇಜಾರು’ ಅಂತ ಕಾರಣಗಳು ಅವನ ಬಾಯಿಂದಲೇ ಬರುತ್ತವೆ. ನಾವು ಹೇಳುವ ಹತ್ತು ಕಾರಣಗಳಿಗಿಂತ ಅವನದೇ ಒಂದಕ್ಕೆ ತೂಕ ಜಾಸ್ತಿ. ಅಪಾಯವನ್ನು ಹೇಳಲೇಬೇಕಾದರೆ ‘ಹೇಳಲಾ?’ ಅಂತ ಕೇಳಿ ಹೇಳಿ. ವೈಟ್ನರ್, ಗಮ್ ಮೂಸುವ ಮಗುವಿಗಂತೂ ಹೇಳಲೇಬೇಕು. ಮೊದಲ ಸಲ ಮೂಸಿದಾಗಲೇ ಹೃದಯ ನಿಂತು ಜೀವ ಹೋಗಬಹುದು.

ಕೆಲವು ಸಂದರ್ಭಗಳು ಕೌನ್ಸೆಲರ್ ಕೈ ಮೀರಿದವು. ದಿನಾ ಕುಡಿಯುವ ಅಥವಾ ನಿದ್ದೆ ಮಾತ್ರೆ ನುಂಗುವ ಮಗುವಿಗೆ ‘ಇವತ್ತೇ ಬಿಡು’ ಅನ್ನಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ್ ನೋಡಲೇಬೇಕು. ಪ್ರಜ್ಞೆ ತಪ್ಪಿದರೆ, ಉಸಿರು ನಿಧಾನವಾದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಿ.

ಮಗು ಎದ್ದು ಹೋಗುವ ಮುಂಚೆ ಮುಂದಿನ ಭೇಟಿಯ ದಿನ ಗೊತ್ತು ಮಾಡಿ. ಮಧ್ಯೆ ಮತ್ತೆ ಸೇದಿದ್ದರೂ ಬರಲಿ. ಬಂದಾಗ ‘ಮತ್ತೆ ಶುರುವಾಯ್ತಾ?’ ಅನ್ನದೆ, ‘ಎಷ್ಟು ದಿನ ತಡೆದೆ? ಆ ದಿನಗಳಲ್ಲಿ ಏನು ಮಾಡ್ತಿದ್ದೆ?’ ಅಂತ ಕೇಳಿ.